ಸೆಲ್ಲರ್ ನೆಲದ ಸಂದಿಗೆ ಯಾವುದು: ಸಿಮೆಂಟಾ, ಎಪಾಕ್ಸಿನಾ, ಪಿಯು ಸೀಲಂಟಾ?

ರಾಯಚೂರು ಕಡೆ ಎರೆಮಣ್ಣಿನ ಮೇಲೆ ಮನೆ ಕಟ್ಟಿದ್ದರೆ ನೆಲ ಸುಮ್ನೆ ಕೂರುವುದಿಲ್ಲ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಸೆಲ್ಲರ್ ನೆಲದ ಸಂದಿಗೆ ಏನು ತುಂಬಬೇಕು ಅನ್ನೋದನ್ನ ಮೊದಲು ಇದನ್ನು ನೋಡಿಯೇ ತೀರ್ಮಾನಿಸಬೇಕು.

ಸಿಮೆಂಟ್ ಗಾರೆ ಅಗ್ಗ, ಯಾವ ಮೇಸ್ತ್ರಿಯಾದರೂ ಮಾಡಿಕೊಡುತ್ತಾರೆ. ಆದರೆ ಅದು ಹಿಗ್ಗುವುದಿಲ್ಲ. ಗೋಡೆ, ನೆಲ ಸೇರುವ ಕಡೆ ತುಂಬಿದರೆ ಅಂಚಿನಲ್ಲಿ ಮತ್ತೆ ಗೆರೆ ಬೀಳುತ್ತದೆ. ಕಿತ್ತುಹೋದ ಗುಂಡಿ ಮುಚ್ಚಲು ಸಾಕು, ಅಷ್ಟೇ.

ಎಪಾಕ್ಸಿ ಅನ್ನೋದು ಗಟ್ಟಿಯಾಗುವ ರಾಳದ ಅಂಟು, ಒಡೆದ ಕಾಂಕ್ರೀಟನ್ನು ಗಟ್ಟಿಯಾಗಿ ಬೆಸೆಯುತ್ತದೆ. ಅಲುಗಾಡದ ಹಳೇ ಬಿರುಕಿಗೆ ಸರಿ. ಬೇಕಂತಲೇ ಕೊಯ್ದು ಬಿಟ್ಟ ಕಂಟ್ರೋಲ್ ಜಾಯಿಂಟ್‌ಗೆ ಬೇಡ, ಪಕ್ಕದಲ್ಲೇ ಹೊಸದಾಗಿ ಸೀಳಬಹುದು.

ಅಲುಗಾಡುವ ಸಂದಿಗೆ ನನ್ನ ಓಟು ಪಿಯು, ಅಂದರೆ ಪಾಲಿಯುರೆಥೇನ್ ಸೀಲಂಟ್‌ಗೆ. ದುಡ್ಡು ಜಾಸ್ತಿ, ಆದರೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಕೆಲಸ ಮಾತ್ರ ನಾಜೂಕು. ಧೂಳು ಪೂರಾ ತೆಗೆದು, ಒಣಗಿಸಿ, ಸಂದಿಗಿಂತ ತುಸು ದಪ್ಪನೆಯ ಫೋಮ್ ಹುರಿ ಒತ್ತಿ ಕೂರಿಸಬೇಕು. ಅಂಗಡಿಯಲ್ಲಿ ಬ್ಯಾಕರ್ ರಾಡ್ ಅಂತ ಕೇಳಿ. ಅದರ ಮೇಲೆ ಸೀಲಂಟ್. 20 ಮಿ.ಮೀ. ಅಗಲದ ಸಂದಿಗೆ 10 ಮಿ.ಮೀ. ಆಳ ಸಾಕು. ಅದು ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಎಳೆದಾಡಿ ಹರಿಯುತ್ತದೆ. ಹುರಿ ಇರುವುದೇ ಅದಕ್ಕೆ. ಕೆಲವರು ಹುರಿ ಬಿಟ್ಟು ಮರಳು ತುಂಬುತ್ತಾರೆ, ಒಪ್ಪಬೇಡಿ.

ಸಂದಿಯಿಂದ ನೀರು ಒಸರುತ್ತಿದ್ದರೆ ಈ ಮೂರನ್ನೂ ಮೇಲಿಂದ ಹಚ್ಚಿ ಪ್ರಯೋಜನವಿಲ್ಲ. ಮೊದಲು ಮಳೆನೀರು ಮನೆ ಸುತ್ತ ನಿಲ್ಲದಂತೆ ಇಳಿಜಾರು ಕೊಡಿಸಿ, ಪಿಯು ಗ್ರೌಟ್ ಇಂಜೆಕ್ಷನ್ ಮಾಡಿಸಿ, ಅಂದರೆ ಪಿಯು ದ್ರವವನ್ನು ಒತ್ತಡ ಹಾಕಿ ಸಂದಿಯೊಳಕ್ಕೆ ತುಂಬಿಸಿ. ಸೀಲಂಟ್ ಆಮೇಲೆ.