ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಡೈನಮೋ ಅಂಗಡಿ: ಹಳೆಯ ಬೊಲೆರೊಗೆ ಹೊಸ ಆಲ್ಟರ್ನೇಟರ್

ನನ್ನದು 2006ರ ಮಹೀಂದ್ರ ಬೊಲೆರೊ ಡಿ.ಐ., ಫೋರ್ ವೀಲ್ ಡ್ರೈವ್. ಭೀಮಸಮುದ್ರದ ಕಡೆಯ ನಮ್ಮ ಅಡಿಕೆ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿಯಲ್ಲಿ. ಹಾಗಾಗಿ ಪಂಪು ಹಾಕಲು ಅದಿರಿನ ಕೆಂಪು ಧೂಳಿನ ಹಾದಿಯಲ್ಲಿ, ಎಲ್ಲ ಲೈಟುಗಳನ್ನೂ ಹೊತ್ತಿಸಿಕೊಂಡು, ಮೊದಲ ಗೇರಿನಲ್ಲಿ ನಿಧಾನವಾಗಿ ಹೋಗುವುದೇ ಈ ಗಾಡಿಯ ಮುಖ್ಯ ಕೆಲಸ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಅರ್ಧ ದಾರಿಗೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಬೆಳಿಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಬೇರೊಂದು ಕಡೆ ತೋರಿಸಿದಾಗ ಚಾರ್ಜಿಂಗ್ ಸರಿಯಾಗಿದೆ, ಬ್ಯಾಟರಿ ಹೋಗಿದೆ ಎಂದರು. ಅವರ ಮಾತು ನಂಬಿ ಹದಿನೈದು ತಿಂಗಳಲ್ಲಿ ಎರಡು ಬ್ಯಾಟರಿ ಬದಲಿಸಿದೆ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಓಡುವುದಕ್ಕೆ ಹೆಚ್ಚು ಕರೆಂಟು ಬೇಡುವುದಿಲ್ಲವಾದ್ದರಿಂದ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ (ನಮ್ಮ ಕಡೆ ಡೈನಮೋ ಎನ್ನುವುದು) ಕೈಕೊಟ್ಟದ್ದು ಹಗಲಿನಲ್ಲಿ ಗೊತ್ತಾಗುವುದೇ ಇಲ್ಲ.

ಕೊನೆಗೆ ಹೋದದ್ದು ಹೊಳಲ್ಕೆರೆ ರಸ್ತೆಯ ಒಂದು ಚಿಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ. ಹೆಸರಿನ ಫಲಕವಿಲ್ಲ, ಡೈನಮೋ ಅಂಗಡಿ ಎಲ್ಲಿ ಎಂದು ಕೇಳಿದರೆ ಪಕ್ಕದ ಟಯರಿನವರೇ ತೋರಿಸುತ್ತಾರೆ. ಅಲ್ಲಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವುದಕ್ಕೆ ಮೊದಲು ಮಲ್ಟಿಮೀಟರ್ ಹಿಡಿದರು, ಪ್ರತಿ ಅಂಕಿಯನ್ನೂ ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು. ನನಗೆ ವಿಶ್ವಾಸ ಬಂದದ್ದು ಅಲ್ಲಿಯೇ.

ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ರಾತ್ರಿಯಿಡೀ ಹೊರಗಿನ ಚಾರ್ಜರಿಗೆ ಹಾಕಿ, ಮರುದಿನ ಸೆಲ್ಫ್ ಹೊಡೆಯುವಾಗ ನೋಡಿದರೆ 10.4ಕ್ಕಿಂತ ಕೆಳಗಿಳಿಯಲಿಲ್ಲ. ಬ್ಯಾಟರಿ ಚೆನ್ನಾಗಿಯೇ ಇದೆ ಎಂದು ಅಲ್ಲಿಗೆ ಖಾತ್ರಿಯಾಯಿತು. ಆಮೇಲೆ ಎಂಜಿನ್ ಚಾಲೂ ಮಾಡಿ, ಲೈಟು, ಬ್ಲೋವರ್ ಎಲ್ಲ ಹಾಕಿಸಿ ಅಳೆದಾಗ ಆಲ್ಟರ್ನೇಟರಿನ ಬೋಲ್ಟಿನ ಮೇಲೆ 14.2, ಬ್ಯಾಟರಿಯ ಮೇಲೆ 13.1. ನಡುವಿನ 1.1 ವೋಲ್ಟಿನಲ್ಲಿ 0.8 ಪಾಸಿಟಿವ್ ವೈರಿನಲ್ಲಿ, 0.3 ಅರ್ಥಿಂಗಿನಲ್ಲಿ ಸೋರಿಹೋಗುತ್ತಿತ್ತು. ಅರ್ಥಿಂಗಿನ ಸೋರಿಕೆಯ ಕಾರಣವನ್ನು ಅವರು ನನ್ನ ಕೈಯಲ್ಲೇ ಮುಟ್ಟಿಸಿದರು: ಎಂಜಿನ್‌ನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಹಸಿರುಗಟ್ಟಿ, ಎಳೆಗಳು ಒಣ ಹುಲ್ಲಿನಂತೆ ಮುರಿದು ಬರುತ್ತಿದ್ದವು.

ಅಷ್ಟಕ್ಕೇ ನಿಲ್ಲಿಸದೆ, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ ಪೂರ್ತಿ ಬಿಸಿಯಾದ ಮೇಲೆ ಮತ್ತೆ ಅಳೆದರು. ತಣ್ಣಗಿದ್ದಾಗ 14.2 ಕೊಟ್ಟಿದ್ದ ಅದೇ ಆಲ್ಟರ್ನೇಟರ್ ಈಗ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, 12.4ಕ್ಕೆ ಇಳಿದಿತ್ತು. ಹಿಂದೆ ನೋಡಿದವರು ತಣ್ಣಗಿದ್ದಾಗ ಮಾತ್ರ ನೋಡಿದ್ದರು, ನನ್ನ ಎರಡು ಬ್ಯಾಟರಿಗಳ ಹಣ ಹೋದದ್ದು ಆ ಅರ್ಧ ಗಂಟೆಯ ಉದಾಸೀನದಿಂದ. ಬಿಚ್ಚಿದಾಗ ಒಳಗೆಲ್ಲ ಎಂಜಿನ್ ಆಯಿಲ್. ಈ ಎಂಜಿನ್ನಿನಲ್ಲಿ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪು (ಗಾಳಿ ಎಳೆಯುವ ಪಂಪು) ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ, ಅದಕ್ಕೆ ಎಂಜಿನ್ನಿನಿಂದ ಆಯಿಲ್ ಪೈಪು ಬರುತ್ತದೆ. ಪಂಪಿನ ಆಯಿಲ್ ಸೀಲ್ ಸವೆದು ಆಯಿಲ್, ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳ ಮೇಲೆ ಇಳಿದು, ಧೂಳಿನ ಜೊತೆ ಸೇರಿ ಕಪ್ಪು ಅಂಟಾಗಿತ್ತು. ಆ ಬ್ರಷ್ಷುಗಳು ಉಜ್ಜುವ ಸ್ಲಿಪ್ ರಿಂಗಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿತ್ತು.

ಹಳೆಯದರ ಮೇಲೆ 45 ಆಂಪಿಯರ್ ಎಂದಿತ್ತು. ಹೈ ಬೀಮಿನಲ್ಲಿ 60 ವ್ಯಾಟಿನ ಎರಡು ಬಲ್ಬುಗಳಿಗೆ ಸುಮಾರು 10 ಆಂಪಿಯರ್, 55 ವ್ಯಾಟಿನ ಎರಡು ಹೆಚ್ಚುವರಿ ಲೈಟುಗಳಿಗೆ 9, ವೈಪರ್ ಮತ್ತು ಬ್ಲೋವರಿಗೆ ಮತ್ತೊಂದಿಷ್ಟು ಎಂದು ಕೂಡಿಸಿ ತೋರಿಸಿ, ಆಲ್ಟರ್ನೇಟರಿನ ಮೇಲೆ ಬರೆದ ಅಂಕಿ ಜೋರಾಗಿ ತಿರುಗುವಾಗಿನದೇ ಹೊರತು ಐಡಲಿನದಲ್ಲ ಎಂದು ವಿವರಿಸಿದರು. ನಾನು 120 ಆಂಪಿಯರಿನದನ್ನೇ ಹಾಕಿ ಎಂದೆ. ಆಲ್ಟರ್ನೇಟರನ್ನು ತಿರುಗಿಸುವ ಒಂದೇ ವಿ ಬೆಲ್ಟು ಅಷ್ಟು ಭಾರ ಎಳೆಯಲಾರದು, ಜಾರಿ ಸುಟ್ಟುಹೋಗುತ್ತದೆ ಎಂದು ಅವರು ಒಪ್ಪಲಿಲ್ಲ. ಹೆಚ್ಚು ಹಣದ ಮಾಲನ್ನು ಮಾರುವ ಅವಕಾಶವನ್ನು ಬಿಟ್ಟುಕೊಟ್ಟ ಈ ನಡತೆ ನನಗೆ ಬಹಳ ಹಿಡಿಸಿತು. ವ್ಯಾಕ್ಯೂಮ್ ಪಂಪು ಸಹಿತವಾದ 75 ಆಂಪಿಯರಿನದನ್ನು ಕೂರಿಸಿ, ಬ್ಯಾಟರಿಗೆ ನೇರವಾಗಿ 16 ಚದರ ಮಿಲಿಮೀಟರಿನ ಕೇಬಲ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ಹೊಸ ಅರ್ಥಿಂಗ್ ಪಟ್ಟಿ ಹಾಕಿ, ಹೆಡ್‌ಲೈಟುಗಳಿಗೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಕೊಟ್ಟರು. ಡ್ಯಾಶಿನಲ್ಲಿ ಸುಟ್ಟುಹೋಗಿದ್ದ ಚಾರ್ಜಿಂಗ್ ಬಲ್ಬನ್ನೂ ಬದಲಿಸಿದರು. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಆ ಬಲ್ಬಿನ ಮೂಲಕವೇ ಹೋಗುತ್ತದಂತೆ.

ಗಾಡಿ ಒಪ್ಪಿಸುವ ಮೊದಲು ಎಂಜಿನ್ ನಿಲ್ಲಿಸಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿಸಿದರು. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಕಾಲನ್ನು ಹಾಗೇ ಇಟ್ಟು ಸ್ಟಾರ್ಟ್ ಮಾಡಿಸಿದಾಗ ಪೆಡಲು ಮೆತ್ತಗೆ ಒಳಗಿಳಿಯಿತು. ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಈಗ ಬಿಸಿ ಎಂಜಿನ್, ಐಡಲ್, ಎಲ್ಲ ಲೈಟು ಹಾಕಿದಾಗಲೂ ಬ್ಯಾಟರಿಯ ಮೇಲೆ 13.6 ನಿಲ್ಲುತ್ತದೆ.

ಕೊರತೆಗಳೂ ಇವೆ. ಎರಡು ದಿನವೆಂದು ಹೇಳಿದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಹೊಸ ಕೇಬಲು ತಗಡಿನ ಅಂಚಿಗೆ ಉಜ್ಜುತ್ತಿದ್ದದ್ದನ್ನು ಮನೆಗೆ ಬಂದ ಮೇಲೆ ನಾನೇ ಕಂಡು, ಮತ್ತೆ ಹೋಗಿ ರಬ್ಬರ್ ಹಾಕಿಸಬೇಕಾಯಿತು. ಶಾರ್ಟ್ ಆಗಿ ಬೆಂಕಿ ಹೊತ್ತಬಹುದಾದ ಜಾಗವದು, ಇಷ್ಟು ಜಾಗರೂಕರಾದವರು ಅದನ್ನು ತಪ್ಪಿಸಬಾರದಿತ್ತು. ಒಟ್ಟು 13,200 ರೂಪಾಯಿ ಆಯಿತು, ಬಿಲ್ಲನ್ನು ಕೇಳಿ ಪಡೆಯಬೇಕು. ಬಿಸಿ ಮಾಡಿಯೇ ಅಳೆಯುವುದರಿಂದ ಪರೀಕ್ಷೆಗೇ ಅರ್ಧ ದಿನ ಬೇಕು. ಹೋಗುವವರು ಬೆಳಿಗ್ಗೆಯೇ ಹೋಗಿ, ಹಾಕಿಸಿಕೊಂಡಿರುವ ಹೆಚ್ಚುವರಿ ಲೈಟುಗಳ ವ್ಯಾಟನ್ನು ಮೊದಲೇ ಬರೆದುಕೊಂಡು ಒಯ್ಯುವುದು ಒಳ್ಳೆಯದು; ಅವರು ಮೊದಲು ಕೇಳುವುದೇ ಅದನ್ನು.