ಪೈಲ್ಸ್‌ಗೆ ಅಂತ 350 ರೂಪಾಯಿ ಕೊಟ್ಟು ತಂದ ಸಿಟ್ಜ್ ಬಾತ್ ಟಬ್

ತುಮಕೂರಿನಿಂದ ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಓಡಾಡುವವನು ನಾನು. ಹೋದ ತಿಂಗಳು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಆ ಜಾಗದಲ್ಲಿ ದ್ರಾಕ್ಷಿಯಷ್ಟು ಗಂಟು. ಸೀಟು ಖಾಲಿ ಇದ್ದರೂ ನಿಂತೇ ಹೋದೆ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಗೋಡೆ ಮೇಲಿನ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ' ಪೋಸ್ಟರ್ ನಂಬಿ ಒಬ್ಬರ ಹತ್ತಿರ ಹೋದೆ. ಅವರು ನೋಡಲೂ ಇಲ್ಲ, ಸುಮ್ನೆ ಒಂದು ಪುಡಿ ಕೊಟ್ಟು ಕಳಿಸಿದರು.

ಅದರಲ್ಲೇ ಮೂರು ದಿನ ಹೋಯಿತು. ನಾಲ್ಕನೇ ದಿನ ಸರ್ಜನ್‌ಗೆ ತೋರಿಸಿದೆ. ಇದು ಹೊರಗಿನ ಮೊಳೆ, ರಕ್ತ ಹೆಪ್ಪುಗಟ್ಟಿದೆ, 72 ಗಂಟೆಯೊಳಗೆ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಸಣ್ಣದಾಗಿ ಕೊಯ್ದು ತೆಗೆಯಬಹುದಿತ್ತು, ಈಗ ನೋವು ಇಳಿಮುಖವಾಗಿದೆ, ತಾನಾಗೇ ಕರಗಲಿ ಬಿಡಿ ಎಂದರು. ಪಕ್ಕದ ಮನೆಯವರಿಗೆ ಮೊಳೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದು ನೆನಪಾಗಿ ನನಗೂ ಹಾಕಿ ಅಂದೆ. ಅದು ಒಳಗಿನ ಮೊಳೆಗೆ, ಹೊರಗೆ ಹಾಕಿದರೆ ನೋವು ತಡೆಯೋಕಾಗಲ್ಲ ಅಂದರು. ಬರೆದುಕೊಟ್ಟದ್ದು ಮರಗಟ್ಟಿಸುವ ಮುಲಾಮು, ಇಸಬ್‌ಗೋಲ್, ಮತ್ತು ಬಿಸಿನೀರಲ್ಲಿ ಕೂರುವುದು, ಅದಕ್ಕೇ ಸಿಟ್ಜ್ ಬಾತ್ ಅನ್ನೋದು.

ಮೆಡಿಕಲ್ ಸ್ಟೋರಿನವರು ಬಿಸಿನೀರಿಗೆ ಈ ಟಬ್ ತೋರಿಸಿದರು. ಪ್ಲಾಸ್ಟಿಕ್ ಗಟ್ಟಿ ಇದೆ, ಅಂಚು ನುಣುಪಾಗಿದೆ, ಹೆಚ್ಚಾದ ನೀರು ಹೋಗಲು ತೂತೂ ಇದೆ. ಆದರೆ ಇದು ಕೂರುವುದು ವೆಸ್ಟರ್ನ್ ಕಮೋಡ್ ಮೇಲೆ ಮಾತ್ರ, ನಮ್ಮ ಮನೆಯಲ್ಲಿರುವುದು ಇಂಡಿಯನ್. ನೆಲದ ಮೇಲಿಟ್ಟು ಕೂತರೆ ಅಲ್ಲಾಡುತ್ತದೆ, ಒಂದು ಸಲ ಬಿದ್ದೂ ಬಿದ್ದೆ. "ಬಟ್ಟೆ ನೆನೆಸೋ ಬೇಸಿನ್ ಇರ್ಲಿಲ್ವೇನೋ?" ಅಂದರು ಅಮ್ಮ. ಕೊನೆಗೆ ಅದರಲ್ಲೇ ಕೂತೆ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಡೆಟಾಲ್ ಉಪ್ಪು ಏನೂ ಬೇಡ, ದಿನಕ್ಕೆ ಮೂರು ಸಲ, ಸಲಕ್ಕೆ 10ರಿಂದ 15 ನಿಮಿಷ. ಗಂಟು ಕರಗಿಸಿದ್ದು ನೀರಲ್ಲ, ಆದರೆ ಅದರಿಂದ ಎದ್ದ ಮೇಲೆ ಒಂದು ಗಂಟೆಯಾದರೂ ಮನುಷ್ಯನ ಹಾಗೆ ಓಡಾಡಬಹುದಿತ್ತು. ಗಂಟು ಪೂರ್ತಿ ಇಳಿಯಲು ಮೂರು ವಾರ ಹಿಡಿಯಿತು.

ದಿನಾ ಮುದ್ದೆ ತಿನ್ನುವವನಿಗೂ ಇದು ಬರತ್ತಾ ಅಂತ ಬೇಜಾರಾಗಿತ್ತು. ನೀರು ಕಮ್ಮಿ, ಟಾಯ್ಲೆಟ್ಟಿನಲ್ಲಿ ಮೊಬೈಲ್ ಹಿಡಿದು ಅರ್ಧ ಗಂಟೆ, ಅದು ನನ್ನದೇ ತಪ್ಪು. ಇನ್ನೊಂದು, ರಕ್ತ ಬಿದ್ದರೆ ಪೈಲ್ಸೇ ಅಂತ ನೀವೇ ತೀರ್ಮಾನಿಸಬೇಡಿ, ತೋರಿಸಿ.

ಟಬ್‌ಗೆ ಐದಕ್ಕೆ ಎರಡೂವರೆ. ವೆಸ್ಟರ್ನ್ ಇರುವವರು ತಗೊಳ್ಳಿ, ಇಲ್ಲದವರು ಅಗಲದ ಬೇಸಿನ್ ಹುಡುಕಿ.