ನಿಂತ ಕಾರಿನ ಬ್ಯಾಟರಿ ಸೋರಿಕೆ: ನಾಲ್ಕು ಪರೀಕ್ಷೆಗಳನ್ನು ಮಾಡಿ ನೋಡಿದ ಮೇಲೆ

ಭಾನುವಾರ ಸಂಜೆ ನಿಲ್ಲಿಸಿದ ಕಾರು ಗುರುವಾರ ಬೆಳಿಗ್ಗೆ ಸೆಲ್ಫ್ ಎತ್ತದೆ ಕಟಕಟ ಎಂದು ಸುಮ್ಮನಾಗುವುದು ಒಂದೇ ತಿಂಗಳಲ್ಲಿ ಮೂರನೆಯ ಬಾರಿ ನಡೆದಾಗ, ಬ್ಯಾಟರಿ ಅಂಗಡಿಯವರು ಹೊಸದನ್ನು ಹಾಕಿಸಿ ಎಂದರು. ಬ್ಯಾಟರಿಗೆ ಇನ್ನೂ ಒಂದೂವರೆ ವರ್ಷ ಮಾತ್ರವಾಗಿತ್ತು. ಅದನ್ನು ಪೂರ್ತಿ ಚಾರ್ಜ್ ಮಾಡಿ, ಮೈನಸ್ ಟರ್ಮಿನಲ್ ಬಿಚ್ಚಿ ಎರಡು ರಾತ್ರಿ ಹಾಗೆಯೇ ಬಿಟ್ಟು ಅಳೆದಾಗ 12.6 ವೋಲ್ಟ್ ಅಲುಗದೆ ನಿಂತಿತ್ತು. ಇಂಜಿನ್ ಓಡುವಾಗ ಟರ್ಮಿನಲ್‌ಗಳಲ್ಲಿ 14.2 ವೋಲ್ಟ್ ಸಿಗುತ್ತಿತ್ತು. ಅಂದರೆ ಬ್ಯಾಟರಿಯೂ ಅದಕ್ಕೆ ಓಡುವಾಗ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೂಡ ನಿರಪರಾಧಿಗಳು. ಕಾರು ನಿಂತಿರುವಾಗ ಯಾವುದೋ ಉಪಕರಣ ಕದ್ದು ಕರೆಂಟ್ ಕುಡಿಯುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಅದನ್ನು ಹಿಡಿಯಲು ಬಳಕೆಯಲ್ಲಿರುವ ನಾಲ್ಕು ವಿಧಾನಗಳನ್ನು ಎರಡು ವಾರಾಂತ್ಯಗಳಲ್ಲಿ ಒಂದೊಂದಾಗಿ ಮಾಡಿ ನೋಡಿದೆ.

ಮೊದಲನೆಯದು ನಮ್ಮ ಗ್ಯಾರೇಜುಗಳ ಹಳೆಯ ಪದ್ಧತಿಯಾದ ಬಲ್ಬು. ಮೈನಸ್ ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಬಲ್ಬು ಸೇರಿಸಿ, ಅದು ಉರಿದರೆ ಸೋರಿಕೆ ಇದೆ ಎನ್ನುವುದು. ಇಂಡಿಕೇಟರಿನ 21 ವಾಟ್ ಬಲ್ಬು ಹಾಕಿದಾಗ ಅದು ಮಿಣುಕಲೂ ಇಲ್ಲ, ಏಕೆಂದರೆ ಅದು ಪೂರ್ತಿ ಉರಿಯಲು ಸುಮಾರು 1.75 ಆಂಪಿಯರ್ ಬೇಕು. 5 ವಾಟಿನದು ಹಾಕಿದಾಗ ಕೆಂಪಗೆ ಉರಿದು, ಮಂಕಾಗಿ, ಮತ್ತೆ ಉರಿದು, ಉಸಿರಾಡುತ್ತಿರುವಂತೆ ತೋರಿತು. ಬಲ್ಬೇ ಅರ್ಧದಷ್ಟು ವೋಲ್ಟೇಜನ್ನು ನುಂಗಿದ್ದರಿಂದ ಆಚೆಗಿದ್ದ ಯಾವುದೋ ಉಪಕರಣ ಬಂದ್ ಆಗಿ ಮತ್ತೆ ಚಾಲೂ ಆಗುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಟರ್ಮಿನಲ್ ಮುಟ್ಟಿಸಿದಾಗ ಕಿಡಿ ಹಾರಿದರೆ ಲೀಕ್ ಇದೆ ಎನ್ನುವವರೂ ಇದ್ದಾರೆ. ಈಗಿನ ಕಾರುಗಳಲ್ಲಿರುವ ಎಲೆಕ್ಟ್ರಾನಿಕ್ ಘಟಕಗಳ ಕೆಪಾಸಿಟರುಗಳು (ಚಾರ್ಜನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗಗಳು) ಸಂಪರ್ಕ ಸಿಕ್ಕ ಕ್ಷಣ ತುಂಬಿಕೊಳ್ಳುವುದರಿಂದ, ಯಾವ ದೋಷವೂ ಇಲ್ಲದ ಕಾರಿನಲ್ಲಿಯೂ ಆ ಕಿಡಿ ಹಾರುತ್ತದೆ.

ಎರಡನೆಯದು, ಅದೇ ಜಾಗದಲ್ಲಿ ಮಲ್ಟಿಮೀಟರನ್ನು ಸೇರಿಸಿ ಕರೆಂಟನ್ನೇ ಅಳೆಯುವ ಕ್ರಮ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಬೇಕು. ನಾನು ಮೊದಲ ದಿನ ಅವಸರದಲ್ಲಿ ಮಿಲಿ ಆಂಪಿಯರ್ ತೂತಿಗೆ ಹಾಕಿ, ಬಾಗಿಲು ತೆರೆದ ಕೂಡಲೇ ಮೀಟರಿನೊಳಗಿನ ಫ್ಯೂಸನ್ನು ಸುಟ್ಟುಕೊಂಡೆ. ಮೀಟರ್ ಇದ್ದಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು. ಇನ್ನೊಂದು ತೊಡಕೆಂದರೆ, ಕೇಬಲ್ ಬಿಚ್ಚಿ ಮತ್ತೆ ಸೇರಿಸಿದಾಗ ಕಾರಿನ ಎಲ್ಲ ಘಟಕಗಳೂ ಎಚ್ಚರಗೊಳ್ಳುತ್ತವೆ. ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರನ್ನು ನಂಬಿಸಿ ಕಾದು ಕುಳಿತಾಗ, ಮೊದಲು 2.8 ಆಂಪಿಯರ್ ಇದ್ದದ್ದು ನಿಮಿಷದೊಳಗೆ 0.9ಕ್ಕೆ ಇಳಿದು, ಹನ್ನೆರಡು ನಿಮಿಷಗಳ ನಂತರ 0.29ರಲ್ಲಿ ನಿಂತಿತು. ಕೆಲವು ಕಾರುಗಳಲ್ಲಿ ಎಲ್ಲವೂ ನಿದ್ದೆಗೆ ಜಾರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಸಾಮಾನ್ಯವಾಗಿ 0.05 ಆಂಪಿಯರಿನೊಳಗೆ ಇದ್ದರೆ ಚಿಂತೆಯಿಲ್ಲ. 0.29 ಎಂದರೆ, 24 ಗಂಟೆಗಳಿಂದ ಗುಣಿಸಿದರೆ, ದಿನಕ್ಕೆ ಹತ್ತಿರಹತ್ತಿರ 7 ಆಂಪಿಯರ್-ಅವರ್. ನಮ್ಮ ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯ 35. ಗುರುವಾರದ ಲೆಕ್ಕ ಕೂಡಿಬಂತು.

ಎಷ್ಟು ಸೋರುತ್ತಿದೆ ಎಂಬುದನ್ನು ಈ ವಿಧಾನ ನಿಖರವಾಗಿ ಹೇಳಿತು, ಆದರೆ ಎಲ್ಲಿ ಎಂಬುದನ್ನು ಹೇಳಲಿಲ್ಲ. ಅದಕ್ಕಾಗಿ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ಯಾವಾಗ ಇಳಿಯುತ್ತದೆಂದು ನೋಡುವುದು ವಾಡಿಕೆ. ಆರನೆಯ ಫ್ಯೂಸನ್ನು ವಾಪಸ್ ಹಾಕಿದ ಕ್ಷಣ ಮೀಟರ್ 1.6ಕ್ಕೆ ಜಿಗಿಯಿತು, ಮಲಗಿದ್ದ ಘಟಕವೊಂದು ಎದ್ದಿತ್ತು, ಮತ್ತೆ ಹನ್ನೆರಡು ನಿಮಿಷ ಕಾಯಬೇಕಾಯಿತು. ಕಿತ್ತ ಫ್ಯೂಸುಗಳನ್ನು ಹಿಂದಕ್ಕೆ ಹಾಕದೆ ಸಾಲಾಗಿ ಇಟ್ಟುಕೊಂಡು ಹೋಗುವುದು ಇದಕ್ಕೆ ಪರಿಹಾರವಾದರೂ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಮಂದ ಬೆಳಕಿನಲ್ಲಿ ಯಾವ ಫ್ಯೂಸ್ ಯಾವ ಗೂಡಿನದು ಎಂಬ ಗೊಂದಲ ಬೇರೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದದ್ದನ್ನು ಕದಡುವ ಈ ಪದ್ಧತಿ ಇಷ್ಟು ಜನಪ್ರಿಯವಾಗಿರುವುದು ನನಗೆ ಈಗಲೂ ಆಶ್ಚರ್ಯ.

ಮೂರನೆಯದು ಡಿಸಿ ಕ್ಲಾಂಪ್ ಮೀಟರ್. ಸಹೋದ್ಯೋಗಿಯಿಂದ ಎರವಲು ತಂದದ್ದು. ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲಾಂಪುಗಳಲ್ಲಿ ಹಲವು ಮನೆಯ ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ, ಬ್ಯಾಟರಿಯದು ಡಿಸಿ ಕರೆಂಟ್ ಆದ್ದರಿಂದ ಇಲ್ಲಿ ಅವು ನಿರುಪಯೋಗಿ. ಇದರ ಸುಖವೆಂದರೆ ಏನನ್ನೂ ಬಿಚ್ಚಬೇಕಿಲ್ಲ. ಕೇಬಲ್ಲಿನ ಸುತ್ತ ಹಿಡಿದರೆ ಸಾಕು. ಆದರೆ ಸಣ್ಣ ಕರೆಂಟಿನಲ್ಲಿ ಇದನ್ನು ಪೂರ್ತಿ ನಂಬುವಂತಿಲ್ಲ. ಸೊನ್ನೆಗೆ ತಂದ ಮೇಲೂ ಮೀಟರಿನ ದಿಕ್ಕು ಬದಲಾಯಿಸಿದರೆ ಭೂಮಿಯ ಕಾಂತಕ್ಷೇತ್ರದಿಂದಲೂ ಅಕ್ಕಪಕ್ಕದ ಕಬ್ಬಿಣದಿಂದಲೂ ಅಂಕಿ ತುಸು ಸರಿಯುತ್ತಿತ್ತು. ಒಮ್ಮೆ 0.31 ತೋರಿಸಿತು, ಕ್ಲಾಂಪನ್ನು ತಿರುಗಿಸಿ ಹಿಡಿದಾಗ ಮೈನಸ್ 0.26. ಮೈನಸ್ ಚಿಹ್ನೆ ಬಿಟ್ಟು ತೆಗೆದ ಎರಡರ ಸರಾಸರಿ ಮಲ್ಟಿಮೀಟರಿನ ಉತ್ತರಕ್ಕೆ ಹೊಂದುತ್ತದೆ. ಸೋರಿಕೆ ಇದೆಯೋ ಇಲ್ಲವೋ ಎಂದು ಎರಡು ನಿಮಿಷದಲ್ಲಿ ತಿಳಿಯಬೇಕಾದವರಿಗೆ ಇದು ಒಳ್ಳೆಯದು.

ನಾಲ್ಕನೆಯದನ್ನು ಮಾಡುವಾಗ ನನಗೆ ಹೆಚ್ಚು ಭರವಸೆಯಿರಲಿಲ್ಲ. ಫ್ಯೂಸನ್ನು ಕೀಳದೆ, ಅದರ ಬೆನ್ನಿನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮಲ್ಟಿಮೀಟರಿನ ಮೊನೆಗಳನ್ನು ಒತ್ತಿ ಮಿಲಿವೋಲ್ಟ್ ನೋಡುವುದು ಇದರ ಕ್ರಮ. ಫ್ಯೂಸಿನ ತಂತಿಗೂ ಅಲ್ಪ ಪ್ರತಿರೋಧವಿರುವುದರಿಂದ, ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ವೋಲ್ಟೇಜಿನ ಒಂದು ಚೂರು ಕಾಣಿಸಿಕೊಳ್ಳುತ್ತದೆ, ಹರಿಯದಿದ್ದರೆ ಸೊನ್ನೆ. ಬ್ಯಾಟರಿ ಕೇಬಲ್ಲನ್ನು ಮುಟ್ಟುವುದೇ ಬೇಡ, ಕಾರು ಮಲಗಿದ್ದಂತೆಯೇ ಇರುತ್ತದೆ. ಸ್ಟೇರಿಂಗಿನ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ ಸಾಲಾಗಿ 0.0, 0.0, 0.1 ಎಂದು ಬರುತ್ತಿದ್ದದ್ದು, 15 ಆಂಪಿಯರಿನ ನೀಲಿ ಫ್ಯೂಸೊಂದರ ಮೇಲೆ 1.2 ಮಿಲಿವೋಲ್ಟ್ ತೋರಿಸಿತು. ಆ ಅಳತೆಯ ಮಿನಿ ಫ್ಯೂಸಿನ ಪ್ರತಿರೋಧ ಸುಮಾರು 4.5 ಮಿಲಿ ಓಮ್, ಭಾಗಿಸಿದರೆ 0.27 ಆಂಪಿಯರ್. ಇಡೀ ಶೋಧಕ್ಕೆ ಹಿಡಿದದ್ದು, ಕಾರು ಮಲಗಲು ಕಾದದ್ದನ್ನು ಬಿಟ್ಟರೆ, ಹತ್ತು ನಿಮಿಷ. ಬೆರಳು ತುಸು ನಡುಗಿದರೂ ಅಂಕಿ ಓಲಾಡುತ್ತದೆ, ಮತ್ತು 0.1 ಮಿಲಿವೋಲ್ಟನ್ನು ತೋರಿಸುವ ಮೀಟರ್ ಬೇಕು. ನನ್ನದಕ್ಕೆ 200 ಮಿಲಿವೋಲ್ಟ್ ಶ್ರೇಣಿ ಇದ್ದದ್ದರಿಂದ ಸಾಕಾಯಿತು.

ಆ ಫ್ಯೂಸಿನ ಮೇಲೆ ಒಳಗಿನ ದೀಪವೂ ಮ್ಯೂಸಿಕ್ ಪ್ಲೇಯರೂ ಇದ್ದವು. ದೀಪ ಆರಿತ್ತು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಟಚ್‌ಸ್ಕ್ರೀನ್ ಪ್ಲೇಯರನ್ನು ಮುಂದಕ್ಕೆಳೆದು ಹಿಂದಿನ ಸಾಕೆಟ್ ಬಿಚ್ಚಿದಾಗ 1.2 ಸೊನ್ನೆಯಾಯಿತು. ಪ್ಲೇಯರಿನ ಮೆಮೊರಿಗಾಗಿ ಸದಾ ಕರೆಂಟ್ ಪಡೆಯಬೇಕಾದ ಹಳದಿ ವೈರನ್ನೂ, ಕೀಲಿ ತಿರುಗಿಸಿದಾಗ ಮಾತ್ರ ಪಡೆಯಬೇಕಾದ ಕೆಂಪು ವೈರನ್ನೂ ಒಂದೇ ಟೇಪಿನೊಳಗೆ ಹೊಸೆದಿದ್ದರು. ಕೀಲಿಯಿಲ್ಲದೆಯೂ ಹಾಡು ಕೇಳಬಹುದು ಎಂದು ಅಂದು ಅದನ್ನು ಅನುಕೂಲವೆಂಬಂತೆ ತೋರಿಸಿದ್ದು ನೆನಪಾಯಿತು. ಪರದೆ ಆರಿದ್ದರೂ ಯಂತ್ರ ಮಲಗಿರಲೇ ಇಲ್ಲ.

ಕೆಂಪು ವೈರನ್ನು ಬಿಡಿಸಿ ಕೀಲಿಯೊಂದಿಗೆ ಬರುವ ಲೈನಿಗೆ ಸೇರಿಸಿದ ಮೇಲೆ ಮಲ್ಟಿಮೀಟರನ್ನು ಮತ್ತೊಮ್ಮೆ ಮೈನಸ್ ಟರ್ಮಿನಲ್ಲಿಗೆ ಹಾಕಿದೆ, ಏಕೆಂದರೆ ಒಟ್ಟು ಎಷ್ಟು ಉಳಿಯಿತು ಎಂಬುದನ್ನು ನೋಡಲು ಅದಕ್ಕಿಂತ ನಂಬಿಕೆಯ ದಾರಿ ಇಲ್ಲ. 0.02ಕ್ಕೆ ಬಂದು ನಿಂತಿತು. ಕ್ಲಾಂಪ್ ಮೀಟರನ್ನು ಸಹೋದ್ಯೋಗಿಗೆ ಹಿಂದಿರುಗಿಸಿದ್ದೇನೆ. ಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದೇನೆ.